ಬೋರ್ಡಿನ ಮೇಲೆ ಸ್ವರ್ಗ, ಕಾಲಡಿಯಲ್ಲಿ ಕಡಲು

ಪ್ರವಾಸದ ಜಾಹೀರಾತು ಬರೆಯುವ ಮಹನೀಯರನ್ನು ಒಂದೇ ಒಂದು ಸಲ ನಮ್ಮ ಮನೆಗೆ ಕರೆಸಿ, ಐದು ಜನರ ನಾಲ್ಕು ದಿನದ ಗಂಟುಮೂಟೆ ಕಟ್ಟಿಸಬೇಕು ಅಂತ ನನಗೆ ಬಹಳ ದಿನದ ಆಸೆ. ಅತ್ತೆಯವರ ಮಂಡಿನೋವಿನ ಎಣ್ಣೆ, ಘಾಟಿಯಲ್ಲಿ ಮಗನಿಗೆ ಮೂಸಲು ನಿಂಬೆಹಣ್ಣು, ಒಗೆದರೆ ಎರಡು ದಿನ ಒಣಗದ ಮಗಳ ಜೀನ್ಸು, ನಮ್ಮವರಿಗೆ ಬಸ್ಸು ಹೊರಟ ಐದೇ ನಿಮಿಷಕ್ಕೆ ಬೇಕಾಗುವ ಒಗ್ಗರಣೆ ಅವಲಕ್ಕಿ... ಇಷ್ಟನ್ನೂ ಎರಡು ಚೀಲಕ್ಕೆ ತುರುಕಿ, ಹಾಲಿನವನಿಗೆ ಹೇಳಿ, ಗ್ಯಾಸ್ ಆರಿಸಿ, ಆರಿಸಿದೆನೋ ಇಲ್ಲವೋ ಅಂತ ಬೀಗ ತೆಗೆದು ಮತ್ತೊಮ್ಮೆ ನೋಡಿ, ಅಂತೂ ಇಂತೂ ಬಸ್ಸು ಹತ್ತಿದವಳಿಗೆ ಬೆಳಗಾಗೆದ್ದು ಕಾಣುವುದೇನು? ರಸ್ತೆಬದಿಯಲ್ಲಿ ಆಳೆತ್ತರದ ಬೋರ್ಡು: ‘ಎಲ್ಲವನ್ನೂ ಮರೆತು ಬನ್ನಿ!’

ಎಲ್ಲವನ್ನೂ ಮರೆತರೆ ಆಗುತ್ತದೆಯೇ? ಮಗನ ಚಡ್ಡಿಯನ್ನೇ ಮರೆತರೆ ಕಡಲ ತೀರದಲ್ಲಿ ಏನು ಗತಿ?

ನೀವೂ ನೋಡಿರುತ್ತೀರಿ ಇಂಥ ಬೋರ್ಡುಗಳನ್ನು. ಈಗಂತೂ ಪ್ರತಿಯೊಂದು ರಾಜ್ಯಕ್ಕೂ ಒಂದೊಂದು ಘೋಷಣೆ. ಕೇರಳದವರು 1980ರ ದಶಕದ ಕೊನೆಯಲ್ಲಿ ‘ಗಾಡ್ಸ್ ಓನ್ ಕಂಟ್ರಿ’ ಅಂತ ಶುರುಮಾಡಿದರು. ದೇವರ ಸ್ವಂತ ನಾಡು! ಕೇಳಲು ಚೆನ್ನಾಗಿಯೇ ಇದೆ. ಆದರೆ ಅದೇ ಮಾತನ್ನು ನ್ಯೂಜಿಲೆಂಡಿನವರು ಅದಕ್ಕೂ ನೂರು ವರ್ಷ ಮೊದಲೇ ತಮ್ಮ ದೇಶಕ್ಕೆ ಹೇಳಿಕೊಂಡಿದ್ದರಂತೆ. ದೇವರಿಗೆ ಎಷ್ಟು ಕಡೆ ಸೈಟು ಇದೆಯೋ! 2002ರಲ್ಲಿ ಕೇಂದ್ರ ಸರ್ಕಾರ ‘ಇನ್‌ಕ್ರೆಡಿಬಲ್ ಇಂಡಿಯಾ’ ಎಂದಿತು. ಅಂದರೆ ನಂಬಲಿಕ್ಕಾಗದ ಭಾರತ. ನಮ್ಮ ಕರ್ನಾಟಕದ್ದು ‘ಒನ್ ಸ್ಟೇಟ್, ಮೆನಿ ವರ್ಲ್ಡ್ಸ್’: ರಾಜ್ಯ ಒಂದು, ಜಗತ್ತು ಹಲವು. ಒಡಿಶಾದವರಂತೂ ತಮ್ಮ ರಾಜ್ಯ ಭಾರತ ಗುಟ್ಟಾಗಿಟ್ಟ ರಹಸ್ಯ ಎಂಬ ಅರ್ಥದ ಘೋಷಣೆಯನ್ನೇ ಅಚ್ಚುಹಾಕಿಸಿ ಊರೂರಿಗೆ ಹಂಚಿದರು. ನಮ್ಮ ಬೀದಿಯಲ್ಲೂ ಒಬ್ಬರಿದ್ದಾರೆ, “ಯಾರಿಗೂ ಹೇಳ್ಬೇಡಿ” ಅಂತ ಎಲ್ಲರಿಗೂ ಹೇಳಿಕೊಂಡು ಬರುವವರು.

ಹೀಗೆ ನಾನು ಗೊಣಗುತ್ತಿದ್ದರೆ ಇವರು, “ನಿನಗೆ ರಜಾದಲ್ಲೂ ಒಂದು ತಕರಾರು ಬೇಕು. ಬೋರ್ಡು ಓದಬೇಡ, ಸಮುದ್ರ ನೋಡು” ಎಂದರು. ನೋಡಿದೆ. ನೋಡಿದ ಮೇಲೆ ನನ್ನ ತಕರಾರು ಇನ್ನಷ್ಟು ಜಾಸ್ತಿಯಾಯಿತು ಅನ್ನಿ.

ನಾವು ಹೋದದ್ದು ಕುಂದಾಪುರದಿಂದ ಮೇಲಕ್ಕೆ, ಮರವಂತೆ, ಮುರುಡೇಶ್ವರ, ಗೋಕರ್ಣ, ಕಾರವಾರ, ಹೀಗೆ. ಬಯಲುಸೀಮೆಯಲ್ಲಿ ಹುಟ್ಟಿ, ಕೆರೆ ತುಂಬಿದ ವರ್ಷವೇ ಹಬ್ಬ ಅಂತ ಬೆಳೆದವಳು ನಾನು. ಮರವಂತೆಯಲ್ಲಿ ಬಸ್ಸಿನ ಎಡಕ್ಕೆ ನೋಡಿದರೆ ಕಡಲು, ಬಲಕ್ಕೆ ನೋಡಿದರೆ ಸೌಪರ್ಣಿಕಾ ನದಿ, ನಡುವೆ ಬೈತಲೆಯ ಹಾಗೆ ಹೆದ್ದಾರಿ. ನಮ್ಮತ್ತೆಯವರು ಎರಡೂ ಕಿಟಕಿಗೆ ತಿರುಗಿ ತಿರುಗಿ ಕೈಮುಗಿದರು. ಅದನ್ನು ನೋಡಿದವರಿಗೆ ಇನ್ಯಾವ ಘೋಷಣೆ ಬೇಕು, ಹೇಳಿ? ಮಲ್ಪೆಯ ಆಚೆಗಿನ ಸೇಂಟ್ ಮೇರೀಸ್ ದ್ವೀಪಗಳಲ್ಲಿ ಕಂಬ ಕಂಬವಾಗಿ ನಿಂತ ಬಂಡೆಗಳಿವೆಯಲ್ಲ, ಅವು ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ ಉಕ್ಕಿದ ಬೆಂಕಿರಸ ಆರಿ ಗಟ್ಟಿಯಾದವು. ತವರಿನಿಂದ ಮಗಳು ಹೊರಟ ದಿನದ ಗುರುತು ಇನ್ನೂ ಹೊಸಿಲಲ್ಲಿ ಉಳಿದ ಹಾಗೆ. ಇಂಥದ್ದನ್ನು ಬಿಟ್ಟು ಬೋರ್ಡಿನವರು ‘ಮಜಾ ಮಾಡಿ’ ಅನ್ನುತ್ತಾರೆ.

ಅವರ ಇನ್ನೊಂದು ಚಾಳಿ ಹೋಲಿಕೆಯದು. ಕೊಡಗಿಗೆ ‘ಭಾರತದ ಸ್ಕಾಟ್‌ಲೆಂಡ್’ ಅನ್ನಬೇಕು. ಸಾಲದ್ದಕ್ಕೆ ‘ಕರ್ನಾಟಕದ ಕಾಶ್ಮೀರ’ ಅಂತಲೂ ಅನ್ನಬೇಕು. ಆಗುಂಬೆ ‘ದಕ್ಷಿಣದ ಚಿರಾಪುಂಜಿ’. ಆಲಪ್ಪುಳ ‘ಪೂರ್ವದ ವೆನಿಸ್’. ಗೋಕರ್ಣ ದಕ್ಷಿಣ ಕಾಶಿ, ನಂಜನಗೂಡೂ ದಕ್ಷಿಣ ಕಾಶಿ. (ಕಾಶಿಯ ವಿಷಯದಲ್ಲಿ ನಾನು ಬಾಯಿ ಬಿಡುವುದಿಲ್ಲ. ಅದು ಭಕ್ತರು ಇಟ್ಟ ಹೆಸರು, ಟಿಕೆಟ್ಟು ಮಾರುವವರು ಇಟ್ಟದ್ದಲ್ಲ.) ಹೆಣ್ಣು ನೋಡಲು ಬಂದವರ ಮುಂದೆ “ನಮ್ಮ ಹುಡುಗಿ ನೋಡಲಿಕ್ಕೆ ಥೇಟ್ ಹೇಮಮಾಲಿನಿ” ಎನ್ನುವ ಸೋದರತ್ತೆಯರು ನೆನಪಾಗುತ್ತಾರೆ. ಆ ಹುಡುಗಿಗೂ ಒಂದು ಮುಖ ಇದೆ, ಒಂದು ಹೆಸರಿದೆ. ಪಾಪ, ಅವಳು ಒಳಗೆ ಕಾಫಿ ಸೋಸುತ್ತಾ ನಿಂತಿದ್ದಾಳೆ.

ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಠಾಕೂರರ ಹೆಸರಿದೆ. 1880ರ ದಶಕದ ಆರಂಭದಲ್ಲಿ, ಇನ್ನೂ ಇಪ್ಪತ್ತೆರಡರ ಆಸುಪಾಸಿನ ಹುಡುಗನಾಗಿದ್ದಾಗ, ಅವರು ಅಲ್ಲಿಗೆ ಬಂದಿದ್ದರು. ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಿಲ್ಲಾ ನ್ಯಾಯಾಧೀಶರು. ತಮ್ಮ ಅಲ್ಲೇ ಕೂತು ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕ ಬರೆದರು. ಯಾವ ಬೋರ್ಡೂ ಅವರನ್ನು ಕರೆದಿರಲಿಲ್ಲ. ಅಣ್ಣನ ಮನೆ, ಹೋದರು, ಅಷ್ಟೆ. ಇನ್ನೊಂದು ಮಾತು, ಇದು ನಮ್ಮ ನಿಮ್ಮೊಳಗೆ ಇರಲಿ: ನಾನು ಆ ತೀರದಲ್ಲಿ ನಿಂತು ನೆನೆಸಿಕೊಂಡದ್ದು ಕವಿಯನ್ನಲ್ಲ, ಆ ನ್ಯಾಯಾಧೀಶರ ಹೆಂಡತಿ ಜ್ಞಾನದಾನಂದಿನಿ ದೇವಿಯವರನ್ನು. ರವಿಕೆ, ಒಳಲಂಗದ ಮೇಲೆ ನೆರಿಗೆ ಹಿಡಿದು, ಸೆರಗು ಹೊದ್ದು ಸೀರೆ ಉಡುವ ರೀತಿಯನ್ನು ಮುಂಬಯಿಯ ಪಾರ್ಸಿ ಹೆಂಗಸರನ್ನು ನೋಡಿ ತಿದ್ದಿಕೊಂಡು, ಬಂಗಾಳದ ಮನೆಮನೆಗೆ ಹಬ್ಬಿಸಿದಾಕೆ ಅವರು. ಸೀರೆಯ ಮಾತಿಗೆ ಆಮೇಲೆ ಮತ್ತೆ ಬರುತ್ತೇನೆ. ಕಡಲಿಗೂ ಸೀರೆಗೂ ಒಂದು ಜಗಳ ಇದೆ.

ಎಲ್ಲಕ್ಕಿಂತ ನನ್ನ ತಲೆ ಕೆಡಿಸಿದ್ದು ‘ಅತಿಥಿ ದೇವೋ ಭವ’. ತೈತ್ತಿರೀಯ ಉಪನಿಷತ್ತಿನ ಮಾತನ್ನು ಪ್ರವಾಸೋದ್ಯಮದವರು ಎತ್ತಿಕೊಂಡು ಗೋಡೆ ಗೋಡೆಗೆ ಬರೆಸಿದರು. ಅಲ್ಲಾ, ಆ ಉಪನಿಷತ್ತಿನಲ್ಲಿ ಅತಿಥಿಗೆ ನಾಲ್ಕನೆಯ ಸ್ಥಾನ. ಮೊದಲು ತಾಯಿ, ಆಮೇಲೆ ತಂದೆ, ಆಮೇಲೆ ಗುರು, ಅನಂತರ ಅತಿಥಿ. ಮೊದಲ ಮೂವರನ್ನು ಬಿಟ್ಟು ದುಡ್ಡು ತರುವ ನಾಲ್ಕನೆಯವನನ್ನು ಮಾತ್ರ ಹಿಡಿದುಕೊಂಡರಲ್ಲ, ಎಂಥ ಜಾಣರು! ನಮ್ಮತ್ತೆಯವರಿಗೆ ಓದಿ ಹೇಳಿದೆ. ಅವರು ಒಂದು ಕ್ಷಣ ಯೋಚಿಸಿ, “ಅತಿಥಿ ದೇವ್ರಾದ್ರೆ ಒಲೆ ಮುಂದೆ ಬೇಯೋಳು ಯಾರೇ?” ಎಂದರು. ನನ್ನ ಬಳಿ ಉತ್ತರ ಇರಲಿಲ್ಲ. ನಿಮ್ಮ ಬಳಿ ಇದ್ದರೆ ಬರೆಯಿರಿ. ಕರಾವಳಿಯಲ್ಲಿ ಮನೆಯಿರುವ ಹೆಂಗಸರನ್ನು ಕೇಳಿ ನೋಡಿ, ಮೇ ತಿಂಗಳು ಬಂತೆಂದರೆ ಎಷ್ಟು ದೇವರುಗಳು ಸೂಟ್‌ಕೇಸು ಹಿಡಿದು ಇಳಿಯುತ್ತಾರೆ ಅಂತ.

ಹೋಟೆಲೂಟದ ಕಥೆಯೂ ಅಷ್ಟೆ. ಒಂದು ಊರಿನಲ್ಲಿ (ಹೆಸರು ಬೇಡ) ಹೊರಗೆ ‘ಕರಾವಳಿಯ ಸೊಗಡು’ ಅಂತ ಬಣ್ಣದಲ್ಲಿ ಬರೆದಿತ್ತು. ಒಳಗೆ ಹೋದರೆ ಗೋಬಿ ಮಂಚೂರಿ, ಪನೀರು, ನೂಡಲ್ಸು! ನೀರುದೋಸೆ ಕೇಳಿದರೆ “ಬೆಳಿಗ್ಗೆ ಮಾತ್ರ” ಅಂದರು. ಅಪ್ಪೆಹುಳಿ ಅಂದರೆ ಆ ಹುಡುಗನಿಗೆ ಗೊತ್ತೇ ಇಲ್ಲ. ಅದು ಸಿಕ್ಕಿದ್ದು ನಾವು ಒಂದು ರಾತ್ರಿ ತಂಗಿದ ಮನೆಯೊಂದರಲ್ಲಿ. ಹುಳಿಮಾವಿನಕಾಯಿ ಬೇಯಿಸಿ, ಕಿವುಚಿ, ಧಾರಾಳ ನೀರು ಬೆರೆಸಿ, ಉಪ್ಪು, ಹಸಿಮೆಣಸಿನಕಾಯಿ, ಮೇಲೆ ಸಾಸಿವೆ ಇಂಗಿನ ಒಗ್ಗರಣೆ. ಲೋಟದಲ್ಲಿ ಸುರಿದುಕೊಂಡು ಕುಡಿದದ್ದೇ, ಬಿಸಿಲಿನ ಝಳ ಎಲ್ಲಿ ಹೋಯಿತೋ. ಇದನ್ನು ಯಾವ ಬೋರ್ಡೂ ಬರೆಯುವುದಿಲ್ಲ.

ಆದರೂ ಇವನ್ನೆಲ್ಲ ನಕ್ಕು ಬಿಡಬಹುದು ಅನ್ನಿ. ಘೋಷಣೆಯಲ್ಲಿ ಅತಿಶಯ ಇದ್ದರೆ ಯಾರ ಗಂಟು ಹೋಯಿತು? ಸೀರೆ ಅಂಗಡಿಯವನು ‘ಬಣ್ಣ ಹೋಗಲ್ಲ’ ಅನ್ನುವುದಿಲ್ಲವೇ! ನಗಲಾಗದ ವಿಷಯ ಬೇರೆಯೇ ಇದೆ. ಅಷ್ಟು ದೊಡ್ಡ ಬೋರ್ಡಿನಲ್ಲಿ ‘ಬನ್ನಿ’ ಎನ್ನುವವರು, ಬಂದವರಿಗೆ ಗೊತ್ತಿರಬೇಕಾದದ್ದನ್ನು ಮಾತ್ರ ಬರೆಯುವುದಿಲ್ಲ.

ಮೊದಲನೆಯದು, ನಾವು ಹೆಂಗಸರು ಊರು ಬಿಟ್ಟೊಡನೆ ಕೇಳುವ ಮೊದಲ ಪ್ರಶ್ನೆ. ನಾಚಿಕೆ ಏನು ಬಂತು, ಹೇಳಿಯೇ ಬಿಡೋಣ: ಶೌಚಾಲಯ ಎಲ್ಲಿದೆ? ಒಂದು ತೀರದಲ್ಲಿ ನನಗೆ ಅದನ್ನು ಹುಡುಕಲು ಮುಕ್ಕಾಲು ಗಂಟೆ ಬೇಕಾಯಿತು. ಸಿಕ್ಕಿದಾಗ ಅದಕ್ಕೆ ಬೀಗ. ದಾಹವಾದರೂ ನೀರು ಕುಡಿಯದೆ ದಿನ ಕಳೆಯುವ ನಮ್ಮ ಅಭ್ಯಾಸ ನಿಮಗೆ ಗೊತ್ತೇ ಇದೆ. ಇದರಲ್ಲಿ ಒಂದು ಒಳ್ಳೆಯ ಸಂಗತಿಯನ್ನೂ ಹೇಳಬೇಕು. 2020ರ ಅಕ್ಟೋಬರಿನಲ್ಲಿ ಹೊನ್ನಾವರದ ಹತ್ತಿರದ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿಯ ತೀರಗಳಿಗೆ ‘ಬ್ಲೂ ಫ್ಲ್ಯಾಗ್’ ಎಂಬ ನೀಲಿ ಬಾವುಟದ ಮನ್ನಣೆ ಸಿಕ್ಕಿತು. ಡೆನ್ಮಾರ್ಕಿನ ಒಂದು ಸಂಸ್ಥೆ ಕೊಡುವಂಥದ್ದು. ಇದರಲ್ಲಿ ಸೊಗಸಾದ ವಾಕ್ಯ ಒಂದೂ ಇಲ್ಲ. ಇರುವುದು 33 ಷರತ್ತು: ನೀರು ಶುದ್ಧವಿದೆಯೇ, ಶೌಚಾಲಯ ಇದೆಯೇ, ಜೀವರಕ್ಷಕರು ಇದ್ದಾರೆಯೇ, ಪ್ರಥಮ ಚಿಕಿತ್ಸೆ ಇದೆಯೇ, ಕಸ ಎತ್ತುತ್ತಾರೆಯೇ. ಒಮ್ಮೆ ಪಾಸಾದರೆ ಮುಗಿಯಲಿಲ್ಲ, ವರ್ಷ ವರ್ಷವೂ ಪರೀಕ್ಷೆ. ಅತ್ತೆಮನೆಯ ಹಾಗೆ!

ಎರಡನೆಯದು, ಪ್ರಾಣದ ಮಾತು.

2024ರ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ ನಡೆದದ್ದನ್ನು ನೀವು ಮರೆತಿರಲಾರಿರಿ. ಕೋಲಾರ ಜಿಲ್ಲೆಯಿಂದ ಶಾಲೆಯ ಪ್ರವಾಸಕ್ಕೆ ಬಂದಿದ್ದ ಮಕ್ಕಳು ನೀರಿಗಿಳಿದರು. ನಾಲ್ವರು ಹೆಣ್ಣುಮಕ್ಕಳು ಹೋಗಿಬಿಟ್ಟರು, ಮೂವರನ್ನು ಉಳಿಸಿಕೊಂಡರು. ಅನಂತರ ಆ ತೀರವನ್ನು ಕೆಲಕಾಲ ಪ್ರವಾಸಿಗರಿಗೆ ಮುಚ್ಚಿದ್ದರು. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಜಿಲ್ಲೆ ಕೋಲಾರ. ಅಲ್ಲಿನ ಮಕ್ಕಳು ಕಡಲು ಕಂಡರೆ ಓಡದೆ ಇರುತ್ತಾರೆಯೇ? ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಅಂತ ಗಾದೆಯೇ ಇದೆ. ನೀರು ಅಂದರೆ ನಮಗೆ ಬಾವಿ, ಕೆರೆ, ಕಾಲುವೆ; ಇಳಿದರೆ ಇಳಿದಲ್ಲೇ ಇರುವ ನೀರು. ಕಡಲಿನ ನೀರು ಹಾಗಲ್ಲ, ಅದಕ್ಕೆ ನಡಿಗೆ ಇದೆ. ಇದನ್ನು ಬಯಲುಸೀಮೆಯ ಮಕ್ಕಳಿಗೆ ಯಾರು ಹೇಳಬೇಕು? ಹಲವು ಜಗತ್ತು ಇವೆ ಅಂತ ಕರೆದವರು, ಒಂದು ಜಗತ್ತಿನ ನೀರು ಇನ್ನೊಂದು ಜಗತ್ತಿನ ನೀರಿನಂತಲ್ಲ ಅಂತಲೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಹೇಳಬೇಡವೇ?

ನನಗೆ ಹೇಳಿದ್ದು ಬೋರ್ಡಲ್ಲ, ಮೀನು ಮಾರಿ ಖಾಲಿ ಬುಟ್ಟಿ ಹೊತ್ತು ಮರಳಿನ ಮೇಲೆ ಬರುತ್ತಿದ್ದ ಒಬ್ಬ ಹೆಂಗಸು. ನಮ್ಮ ಮಕ್ಕಳು ಅಲೆ ಇಲ್ಲದ ಒಂದು ಜಾಗ ಹುಡುಕಿ, “ಅಮ್ಮಾ, ಇಲ್ಲಿ ಶಾಂತವಾಗಿದೆ” ಅಂತ ಕುಣಿಯುತ್ತಿದ್ದರು. ನೋಡಿದವರಿಗೆ ಯಾವುದೋ ಜಾಹೀರಾತಿನ ಚಿತ್ರವೇ, ಹಾಗಿತ್ತು ಆ ನೀಲಿ. ಆಕೆ ದೂರದಿಂದಲೇ ಕೂಗಿದಳು: “ಅಲ್ಲಿ ಇಳೂಕಾಗ ಅಮ್ಮಾ, ಅಲ್ಲಿ ಎಳಿತ್ತ್!” ಅಲ್ಲಿ ಇಳಿಯಬಾರದು, ಅಲ್ಲಿ ಎಳೆಯುತ್ತದೆ. ನನ್ನ ಎದೆ ಧಸಕ್ಕೆಂದಿತು. ಅಲೆ ಇರುವ ಕಡೆ ಅಲ್ಲವೇ ಭಯ, ಇಲ್ಲದ ಕಡೆ ಏನು ಅಂದೆ. ಆಕೆ ನಕ್ಕು, ಬಂದ ನೀರು ವಾಪಸ್ಸು ಹೋಗಬೇಡವೇ, ಅದು ಹೋಗುವ ದಾರಿ ಅದೇ ಅಂದಳು.

ಊರಿಗೆ ಬಂದ ಮೇಲೆ ಓದಿ ನೋಡಿದೆ, ಆಕೆಯ ಮಾತು ಅಕ್ಷರಶಃ ನಿಜ. ಅಲೆಗಳು ತೀರಕ್ಕೆ ತಂದು ಸುರಿದ ನೀರು ಒಂದು ಕಿರಿದಾದ ಓಣಿ ಮಾಡಿಕೊಂಡು ಕಡಲಿಗೆ ಹಿಂದಿರುಗುತ್ತದೆ. ಆ ಓಣಿಯಲ್ಲಿ ಆಳ ಹೆಚ್ಚು, ಅದಕ್ಕೇ ಅಲೆ ಒಡೆಯುವುದಿಲ್ಲ. ಎರಡೂ ಪಕ್ಕ ಬೆಳ್ಳಗೆ ನೊರೆ, ನಡುವೆ ಮಾತ್ರ ಕಪ್ಪಗೆ, ಸಮತಟ್ಟಾಗಿ ಕಾಣುತ್ತದೆ. ಇಂಗ್ಲಿಷಿನಲ್ಲಿ ‘ರಿಪ್ ಕರೆಂಟ್’ ಅನ್ನುತ್ತಾರೆ, ನಾವು ಸೆಳವು ಅನ್ನೋಣ. ಅದು ಕೆಳಕ್ಕೆ ಎಳೆಯುವುದಿಲ್ಲ, ಆಚೆಗೆ ಒಯ್ಯುತ್ತದೆ. ಸಿಕ್ಕಿಬಿದ್ದವರು ಗಾಬರಿಯಿಂದ ನೇರ ದಡಕ್ಕೇ ಈಜಲು ಹೋಗುತ್ತಾರೆ, ಸುಸ್ತಾಗಿ ಮುಳುಗುತ್ತಾರೆ. ಮಾಡಬೇಕಾದದ್ದು ಬೇರೆ: ಸೆಳವಿನ ಜೊತೆ ಗುದ್ದಾಡದೆ ಅಂಗಾತ ತೇಲುತ್ತಾ ಕೈ ಎತ್ತಿ ಬೀಸಬೇಕು, ಈಜು ಬಂದರೆ ದಡಕ್ಕೆ ಸಮಾನಾಂತರವಾಗಿ, ಅಂದರೆ ಪಕ್ಕಕ್ಕೆ ಈಜಿ ಆ ಓಣಿಯಿಂದ ಹೊರಬಂದು, ನೊರೆ ಇರುವ ಕಡೆಯಿಂದ ದಡಕ್ಕೆ ತಿರುಗಬೇಕು. ಮಕ್ಕಳಿಗೆ ಇದನ್ನು ಬಸ್ಸು ಹತ್ತುವ ಮೊದಲು, ಮನೆಯ ಜಗಲಿಯಲ್ಲಿ ಕೂರಿಸಿಕೊಂಡೇ ಹೇಳಿ. ನೀರು ಕಂಡ ಮೇಲೆ ಯಾವ ಮಗು ಮಾತು ಕೇಳುತ್ತದೆ?

ದಡದಲ್ಲಿದ್ದವರು ಹಿಂದುಮುಂದು ನೋಡದೆ ಹಾರಬಾರದು. ಒಬ್ಬರನ್ನು ಉಳಿಸಲು ಹೋಗಿ ಇಬ್ಬರು ಹೋದ ಸುದ್ದಿಗಳೇ ಹೆಚ್ಚು. ತೇಲುವುದೇನಾದರೂ ಎಸೆಯಿರಿ. ಬಿರಡೆ ಭದ್ರವಾಗಿ ಹಾಕಿದ ಖಾಲಿ ನೀರಿನ ಕ್ಯಾನು ಒಬ್ಬ ಹುಡುಗನನ್ನು ತೇಲಿಸುತ್ತದೆ. ಸೀರೆಯೂ ಹಗ್ಗವೇ: 2020ರ ಆಗಸ್ಟಿನಲ್ಲಿ ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಕೊಟ್ಟರೈ ಅಣೆಕಟ್ಟಿನ ನೀರಿನಲ್ಲಿ ನಾಲ್ವರು ಹುಡುಗರು ಮುಳುಗುತ್ತಿದ್ದಾಗ, ಬಟ್ಟೆ ಒಗೆಯಲು ಬಂದಿದ್ದ ಮೂವರು ಹೆಂಗಸರು ಉಟ್ಟ ಸೀರೆಯನ್ನೇ ಬಿಚ್ಚಿ ಎಸೆದು ಇಬ್ಬರನ್ನು ಎಳೆದುಕೊಂಡರು. ನಾಚಿಕೆ ಎಂಬುದನ್ನು ಯಾವಾಗ ಬದಿಗಿಡಬೇಕು ಅಂತ ಆ ತಾಯಂದಿರಿಗೆ ಗೊತ್ತಿತ್ತು.

ಆದರೆ ಅದೇ ಸೀರೆ ಉಟ್ಟು ಕಡಲಿಗೆ ಇಳಿದವರಿಗೆ ಅದು ಶತ್ರು. ಹೇಳಿದೆನಲ್ಲ, ಇವೆರಡಕ್ಕೂ ಜಗಳ ಅಂತ. ಮೊಣಕಾಲುವರೆಗೆ ಒದ್ದೆಯಾದ ಆರು ಗಜದ ಸೀರೆ, ಒಳಲಂಗ, ಎಲ್ಲ ಸೇರಿ ಕಾಲಿಗೆ ಸುತ್ತಿಕೊಂಡರೆ ಹೆಜ್ಜೆ ಎತ್ತಲಾಗುವುದಿಲ್ಲ. ಹಿಂದೆ ಹೋಗುವ ಅಲೆ ಅಂಗಾಲಿನ ಕೆಳಗಿನ ಮರಳನ್ನೇ ಕದ್ದೊಯ್ಯುತ್ತದೆ, ನಿಂತವರು ಕೂತುಬಿಡುತ್ತಾರೆ. ಅಷ್ಟರಲ್ಲಿ ಮುಂದಿನ ಅಲೆ. ಏಳೆಂಟು ಹೆಂಗಸರು ಕೈಕೈ ಹಿಡಿದು ಸಾಲಾಗಿ ನಿಂತು, ಕಡಲಿಗೆ ಬೆನ್ನು ಹಾಕಿ, ಫೋಟೋಕ್ಕೆ ನಗುವುದನ್ನು ನಾನು ಪ್ರತಿ ತೀರದಲ್ಲೂ ನೋಡಿದೆ. ಒಬ್ಬಳು ಜಾರಿದರೆ ಸಾಲಿಗೆ ಸಾಲೇ ಬೀಳುತ್ತದೆ. ಕಡಲಿಗೆ ಎಂದೂ ಬೆನ್ನು ಹಾಕಬೇಡಿ ಅಂತ ಜೀವರಕ್ಷಕ ಹುಡುಗನೊಬ್ಬ ಸೀಟಿ ಊದಿ ಊದಿ ಹೇಳುತ್ತಿದ್ದ. ಅವನ ಮಾತು ಕೇಳಿದವರು ಬೆರಳೆಣಿಕೆ. ಗಂಡಸರಂತೂ ಅವನನ್ನು ಗದರಿಸುತ್ತಿದ್ದರು, “ದುಡ್ಡು ಕೊಟ್ಟು ಬಂದಿದ್ದೇವೆ” ಅಂತ! ಅತಿಥಿ ದೇವರಾದರೆ ಸೀಟಿಗೆ ಬೆಲೆ ಎಲ್ಲಿ?

ತೀರದಲ್ಲಿ ನೆಟ್ಟ ಬಾವುಟಗಳನ್ನು ಓದಲು ಕಲಿಯಿರಿ, ಅಕ್ಷರ ಬೇಕಿಲ್ಲ. ಅರ್ಧ ಕೆಂಪು, ಅರ್ಧ ಹಳದಿ ಇರುವ ಎರಡು ಬಾವುಟಗಳ ನಡುವೆ ಜೀವರಕ್ಷಕರ ಕಣ್ಣಿರುತ್ತದೆ, ನೀರಾಟ ಅಲ್ಲೇ. ಬರೀ ಕೆಂಪು ಅಂದರೆ ಅಪಾಯ. ಎರಡು ಕೆಂಪು ಅಂದರೆ ಇಳಿಯಲೇಕೂಡದು. ಬಾವುಟವೂ ಇಲ್ಲ, ಜೀವರಕ್ಷಕರೂ ಇಲ್ಲ ಅಂದರೆ ಮರಳಿನಲ್ಲಿ ಗುಬ್ಬಿಗೂಡು ಕಟ್ಟಿಸಿ, ಪಾದ ತೋಯಿಸಿ, ಕಡಲೆಕಾಯಿ ತಿನ್ನಿಸಿ ಕರೆದುಕೊಂಡು ಬನ್ನಿ.

ಕಾಲವನ್ನೂ ನೋಡಬೇಕು. ‘ವರ್ಷವಿಡೀ ಸ್ವಾಗತ’ ಅಂತ ಕೆಲವು ಕಡೆ ಬರೆದಿರುತ್ತಾರೆ. ಕಡಲಿನ ಮಕ್ಕಳೇ ಹಾಗೆ ಅನ್ನುವುದಿಲ್ಲ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ದೋಣಿಗಳಿಗೆ ಮೀನುಗಾರಿಕೆ ನಿಷಿದ್ಧ. ಮೀನು ಮರಿ ಹಾಕುವ ಕಾಲ, ಕಡಲು ಕೆರಳಿದ ಕಾಲ. ಶ್ರಾವಣದ ನೂಲಹುಣ್ಣಿಮೆಗೆ ಹಾಲೆರೆದು, ತೆಂಗಿನಕಾಯಿ ಕೊಟ್ಟು ಸಮುದ್ರಪೂಜೆ ಮಾಡುತ್ತಾರೆ. ತಲೆತಲಾಂತರದಿಂದ ಆ ನೀರಿನಲ್ಲೇ ಬದುಕಿದವರು ಹೀಗೆ ಕಾಯುವಾಗ, ನಾವು ಜುಲೈಯಲ್ಲಿ ರಿಯಾಯಿತಿ ದರದ ಕೋಣೆ ಸಿಕ್ಕಿತು ಅಂತ ಮಕ್ಕಳನ್ನು ಕಟ್ಟಿಕೊಂಡು ಹೋಗಬೇಕೆ? ಮಳೆಗಾಲದ ಕಡಲನ್ನು ದೂರದಿಂದ ನೋಡಿ ಬನ್ನಿ, ಅದೂ ಒಂದು ಭಾಗ್ಯವೇ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರ ಎಂದಿಗಿಂತ ಜಾಸ್ತಿ ಎನ್ನುವುದೂ ನೆನಪಿರಲಿ. ಗೋಡೆಯ ಪಂಚಾಂಗದ ಕ್ಯಾಲೆಂಡರೇ ಸಾಕು, ಬೇರೆ ಯಂತ್ರ ಬೇಡ.

ನಿಜ ಹೇಳಿದ ಘೋಷಣೆ ಇಲ್ಲವೇ ಇಲ್ಲ ಅಂತಲ್ಲ. 1908ರಲ್ಲಿ ಇಂಗ್ಲೆಂಡಿನ ಗ್ರೇಟ್ ನಾರ್ದರ್ನ್ ರೈಲ್ವೆಯವರು ಸ್ಕೆಗ್‌ನೆಸ್ ಎಂಬ ಕಡಲೂರಿಗೆ ಒಂದು ಭಿತ್ತಿಪತ್ರ ಮಾಡಿಸಿದರು. ಜಾನ್ ಹಸಾಲ್ ಎಂಬ ಚಿತ್ರಕಾರರು ಬರೆದದ್ದು: ದಪ್ಪ ಹೊಟ್ಟೆಯ ಮೀನುಗಾರನೊಬ್ಬ ಮರಳಿನ ಮೇಲೆ ಕುಪ್ಪಳಿಸುತ್ತಿದ್ದಾನೆ. ಅದರ ಬರಹ ಹೇಳುತ್ತಿದ್ದದ್ದು ಸ್ವರ್ಗದ ಮಾತಲ್ಲ. ಅಲ್ಲಿನ ಗಾಳಿ ಮೈ ಜುಮ್ಮೆನ್ನಿಸುತ್ತದೆ ಅಂತ. ಉತ್ತರ ಸಮುದ್ರದ ಚಳಿಗಾಳಿಯನ್ನು ಮುಚ್ಚಿಡದೆ ಅದನ್ನೇ ಹೇಳಿದರು. ಜನ ಕಂಬಳಿಕೋಟು ತೆಗೆದುಕೊಂಡೇ ಹೋಗಿರಬೇಕು. ಶತಮಾನ ದಾಟಿದರೂ ಆ ಮೀನುಗಾರನನ್ನು ಆ ಊರು ಬಿಟ್ಟಿಲ್ಲ.

ನಮ್ಮವರೂ ಬರೆಯಬಹುದಲ್ಲ: ‘ಇಲ್ಲಿ ಸೂರ್ಯಾಸ್ತ ಚೆನ್ನ, ಸೆಳವು ಜೋರು, ಶೌಚಾಲಯ ಬಲಗಡೆ ನೂರು ಹೆಜ್ಜೆ.’ ಇವರಿಗೆ ಹೇಳಿದೆ. “ಹಾಗೆ ಬರೆದರೆ ಯಾರು ಬರ್ತಾರೆ?” ಅಂದರು. ಮಗಳು ಥಟ್ಟನೆ, “ಅಮ್ಮ ಬರ್ತಾಳೆ, ಶೌಚಾಲಯ ಇದೆಯಲ್ಲ” ಅಂದಳು. ಬಸ್ಸಿನವರೆಲ್ಲ ತಿರುಗಿ ನೋಡಿದರು. ನೋಡಲಿ ಬಿಡಿ.

ಈ ಡಿಸೆಂಬರಿಗೆ ನೀವು ಕಡಲಿಗೆ ಹೊರಡುವವರಿದ್ದರೆ ಚೀಲದಲ್ಲಿ ಇವಿಷ್ಟಿರಲಿ: ಬಿರಡೆ ಗಟ್ಟಿಯಿರುವ ಐದು ಲೀಟರಿನ ಖಾಲಿ ಕ್ಯಾನು ಒಂದು, ಬಟ್ಟೆ ಒಣಹಾಕಲೂ ಆಗುವ ಗಟ್ಟಿ ಹಗ್ಗ ಒಂದು, ಮಕ್ಕಳಿಗೆ ದೂರದಿಂದ ಎದ್ದು ಕಾಣುವ ಹಳದಿ ಇಲ್ಲವೇ ಕಿತ್ತಳೆ ಬಣ್ಣದ ಅಂಗಿ. ನೀಲಿ ಬೇಡ, ನೀರಿನಲ್ಲಿ ಕಾಣುವುದಿಲ್ಲ. ಆಪತ್ತಿನ ದೂರವಾಣಿ 112 ಅಂತ ಮಕ್ಕಳ ಬಾಯಲ್ಲಿ ಹೇಳಿಸಿಟ್ಟುಕೊಳ್ಳಿ. ಹೆಂಗಸರು ನೀರಿಗಿಳಿಯುವುದಾದರೆ ಚೂಡಿದಾರವೇ ವಾಸಿ, ದುಪಟ್ಟಾ ಮಾತ್ರ ಕೋಣೆಯಲ್ಲೇ ಇರಲಿ. ಸೀರೆ ಬೇಡ ಅಂತ ಅತ್ತೆಯವರಿಗೆ ಹೇಳುವ ಕೆಲಸ ನಿಮ್ಮದು. ಅದಕ್ಕೆ ನನ್ನ ಬಳಿ ಯಾವ ಉಪಾಯವೂ ಇಲ್ಲ.